ಸ್ಕೀ ತಾರದ ಅತಿಥಿ

ಅಡುಗೆಮನೆಯ ಚಾಕುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ತೋಮಿಯೆ ಅಕ್ಕಿ ಡಬ್ಬದ ತಳಕ್ಕೆ ತುರುಕಿದಳು. ಮೇಲಿನ ಕೋಣೆಯಲ್ಲಿ ಅತಿಥಿಯ ಹೆಜ್ಜೆ ಸಪ್ಪಳ ನಿಂತುಹೋಗಿತ್ತು. ಉಸಿರು ಬಿಗಿಹಿಡಿದಳು. ಮತ್ತೆ ಸಪ್ಪಳ ಕೇಳಿದ ಮೇಲೆಯೇ ಉಸಿರು ಬಿಟ್ಟಳು.

ಜನವರಿ. ಬೀದಿಯ ತುಂಬ ಸ್ಕೀ ಹೊತ್ತವರು, ಚರಂಡಿಗಳಿಂದ ಏಳುವ ಬಿಸಿನೀರಿನ ಬುಗ್ಗೆಗಳ ಹಬೆ. ಇಂಥ ದಿನಗಳಲ್ಲಿ ಕುರಾಹಾಶಿ ಎಂಬ ಈ ನಲವತ್ತೈದರ ಗಂಡಸು ಸ್ಕೀ ಇಲ್ಲದೆ, ಜೊತೆಗಾರರಿಲ್ಲದೆ, ಸಣ್ಣದೊಂದು ಚೀಲ ಹಿಡಿದು ಬಂದಿದ್ದ. ವಸತಿಗೃಹ ಮುಚ್ಚಿದ್ದೇನೆ, ಬೋರ್ಡು ಇಳಿಸಿ ಎರಡು ತಿಂಗಳಾಯಿತು ಎಂದರೂ ಹೊಸ್ತಿಲು ಬಿಟ್ಟು ಕದಲಲಿಲ್ಲ. ಹೊರಗೆ ಹಿಮ ಸುರಿಯುತ್ತಿತ್ತು. ಒಳಗೆ ಕರೆದಳು. ಎಷ್ಟು ದಿನ ಇರುತ್ತೀರಿ ಎಂದು ಕೇಳಿದ್ದಕ್ಕೆ "ನೋಡೋಣ" ಎಂದ.

ಒಂಟಿಯಾಗಿ ಬಂದು, ಹೋಗುವ ದಿನ ಹೇಳದವರನ್ನು ಕಂಡರೆ ಇಲ್ಲಿನ ವಸತಿಗೃಹದವರಿಗೆಲ್ಲ ಭಯ. ಗಂಡ ತೀರಿಕೊಂಡು ಮೂರು ಚಳಿಗಾಲ ಕಳೆದಿದ್ದ ತೋಮಿಯೆಗೆ ಬದುಕು ಸಾಕಾದವರ ಆ ಲಕ್ಷಣಗಳು ಉಳಿದವರಿಗಿಂತ ಚೆನ್ನಾಗಿ ಗೊತ್ತಿದ್ದವು.

"ಒಬ್ನೇ ಕೂತ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ," ಎಂದ ಅವನು ಊಟದ ಹೊತ್ತಿಗೆ. "ನಿಮ್ಮ ಬಟ್ಟಲೂ ತನ್ನಿ ಅಮ್ಮ."

ತಂದಳು. ಅವನು ಉಣ್ಣುವುದನ್ನು ಅವಳು ನೋಡಿದಳು. ಅವಳು ಉಣ್ಣುವುದನ್ನು ಅವನು.

ಬೀದಿಯ ಸಾರ್ವಜನಿಕ ಸ್ನಾನದ ಮನೆಗೆ ಅವನೊಬ್ಬನನ್ನೇ ಕಳಿಸಲು ಧೈರ್ಯವಾಗದೆ ತಾನೂ ಹೊರಟಳು. ಮರದ ಗೋಡೆಯ ಆ ಕಡೆ ಗಂಡಸರು, ಈ ಕಡೆ ಹೆಂಗಸರು. ಸುಡುವ ನೀರಿಗೆ ಇಳಿದಳೋ ಇಲ್ಲವೋ, ಆಚೆಯಿಂದ ಕೂಗು ಬಂತು.

"ಅಮ್ಮಾ, ಇದ್ದೀರಾ?"

"ಇದ್ದೀನಿ. ನೀವು?"

"ನಾನೂ ಇದ್ದೀನಿ."

ಪಾಪ, ಒಂಟಿಯಾಗಿರಲು ಎಷ್ಟು ಹೆದರುತ್ತಾನೆ ಎಂದುಕೊಂಡಳು.

"ಏನೇ, ಈ ವಯಸ್ಸಲ್ಲಿ ಗೋಡೆಯಾಚೆಯಿಂದ ಕೂಗೋರು ಸಿಕ್ಕಿದ್ರಾ ನಿಂಗೆ?" ಪಕ್ಕದಲ್ಲಿ ಕತ್ತಿನವರೆಗೆ ಮುಳುಗಿದ್ದ ಟೋಫು ಅಂಗಡಿಯ ಕಿನುಯೆ ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ನೀನು ಬಿಟ್ಟುಹೋದ ಬೆಕ್ಕು ನಮ್ಮನೇಲಿ ಏನೂ ಮುಟ್ತಿಲ್ಲ ಕಣೇ. ವಾಪಸ್ ಕರ್ಕೊಂಡು ಹೋಗು."

"ಇರ್ಲಿ ಬಿಡು. ರೂಢಿಯಾಗತ್ತೆ."

ನಾಲ್ಕನೆಯ ದಿನ ಬೆಳಿಗ್ಗೆ ಅವನು ಬಾಡಿಗೆ ಸ್ಕೀ ತಂದು ಬಾಗಿಲಲ್ಲಿ ನಿಂತಿದ್ದ.

"ಬೆಟ್ಟದ ತುದಿಗೆ ಹೋಗ್ಬೇಕು."

"ಒಬ್ರೇನಾ?" ಎಂದಳು ಅವಳು.

"ನೀವು ಬಂದ್ರೆ ಇಬ್ರು."

ಗಂಡ ಹೋದ ಮೇಲೆ ಮುಟ್ಟಿರದ ಸ್ಕೀಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿದಳು. ಬೂಟಿನ ಕೊಂಡಿ ಸಿಕ್ಕಿಸಿಕೊಂಡಳು.

ಬೆಟ್ಟ ಹತ್ತಿಸುವ ತಂತಿ ಲಿಫ್ಟಿನ ಕುರ್ಚಿ ಇಬ್ಬರನ್ನೂ ಎತ್ತಿಕೊಂಡು ಹೊರಟಿತು. ಕೆಳಗೆ ಊರು ಹಬೆಯಲ್ಲಿ ಕರಗಿತು. ಬಿಸಿಲು ಬಿದ್ದ ಹಿಮದ ಮೇಲೆ ಸ್ಕೀಗಳ ಮೊದಲ ಗೆರೆಗಳು ಮೂಡುತ್ತಿದ್ದವು. ಇನ್ನು ತಡೆಯಲಾರದೆ ಅವಳು ಅವನ ತೋಳನ್ನು ಗಟ್ಟಿಯಾಗಿ ಹಿಡಿದಳು.

"ನಿಜ ಹೇಳಿ. ಸಾಯೋಕೆ ಬಂದಿದ್ದೀರಿ, ಅಲ್ವಾ?"

ಅವನು ಇಲ್ಲವೆಂದು ತಲೆಯಾಡಿಸಿ ಅವಳ ಕೈ ಮೇಲೆ ತನ್ನ ಕೈ ಇಟ್ಟ.

"ಕಿನುಯೆ ನಮ್ಮ ಚಿಕ್ಕಮ್ಮ. ನೀವು ಸಾಯಬಾರದು ಅಂತ ಅವಳೇ ನನ್ನ ಕಳಿಸಿದ್ದು, ಅಮ್ಮ."