ಹೊರಗಿನ ಕೈ

ಎಂಜಿನ್ ಪಕ್ಕದ ವೈರಿನ ಸಂದಿಯಿಂದ, ಕಾರು ನೋಡಲು ಬಂದ ಕಂಪನಿಯ ಇನ್ಸ್‌ಪೆಕ್ಟರ್ ಎರಡೇ ಬೆರಳಲ್ಲಿ ಒಂದು ಪೊಟ್ಟಣ ಎಳೆದು ತೆಗೆದ. ಹಳೇ ಬಟ್ಟೆಯ ಚೂರು, ಒಳಗೆ ಹೊಗೆಸೊಪ್ಪು. ಮೂಸಿ ನೋಡಿ ಮೂಗು ಸಿಂಡರಿಸಿದ.

"ಇದನ್ನ ಕಂಪನಿ ಹಾಕಿಲ್ಲ. ಹೊರಗಿನ ಕೈ ಬಿದ್ದಿದೆ. ವಾರಂಟಿ ಕ್ಯಾನ್ಸಲ್."

ಮಾಬಲೇಶ್ವರ ಹೆಗಡೆ ಮನಸ್ಸಲ್ಲೇ ಲೆಕ್ಕ ಹಾಕಿದ. ವೆನಿಲ್ಲಾ ಬೆಳೆದ ದುಡ್ಡಲ್ಲಿ ಷೋರೂಮಿನಿಂದಲೇ ವಾರಂಟಿ ಸಮೇತ ಕೊಂಡ ಸೆಕೆಂಡ್ ಹ್ಯಾಂಡ್ ಕಾರು. ವೆನಿಲ್ಲಾ ರೇಟು ಬಿದ್ದು ವರ್ಷವಾಗಿತ್ತು. ಈಗ ಎಂಜಿನ್ನೂ ಬಿತ್ತು. ಹೊಸ ಎಂಜಿನ್ನು ಸ್ವಂತ ದುಡ್ಡಲ್ಲಿ ಹಾಕಿಸಬೇಕೆಂದರೆ ಕಾರನ್ನೇ ಮಾರಬೇಕು. ಎಂಜಿನ್ ಇಲ್ಲದ ಕಾರನ್ನು ಕೊಳ್ಳುವ ಪುಣ್ಯಾತ್ಮ ಯಾರು?

ಹೆಗಡೆ ನಿಯಮ ತಪ್ಪಿದವನಲ್ಲ. ಹುಬ್ಬಳ್ಳಿಯ ಷೋರೂಮಿನಲ್ಲೇ ಸರ್ವಿಸ್ ಆಗಬೇಕು, ಬೇರೆ ಯಾರೂ ಬಾನೆಟ್ ಎತ್ತಬಾರದು ಎಂದು ವಾರಂಟಿ ಪುಸ್ತಕದಲ್ಲಿ ಬರೆದಿತ್ತು. ತನ್ನೂರು ಹೆಗಡೆಕಟ್ಟಾದಿಂದ ಅಷ್ಟು ದೂರ ಐದು ಸಲ ಹೋಗಿ ಬಂದ. ಅಲ್ಲಿ ಗಿರಾಕಿಯನ್ನು ವರ್ಕ್‌ಶಾಪಿನೊಳಗೆ ಬಿಡುವುದಿಲ್ಲ. ಸೋಫಾದ ಮೇಲೆ ಕೂರಿಸಿ ಕಾಫಿ ಕೊಡುತ್ತಾರೆ. ಐದು ಸಲ ಕಾಫಿ ಕುಡಿದ, ಐದು ಸೀಲು ಹಾಕಿಸಿದ.

ಆದರೆ ಆ ಹೊಗೆಸೊಪ್ಪು ಯಾರದೆಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಇಲಿ ವೈರು ಕಡಿಯದಿರಲಿ ಅಂತ ಹಾಗೆ ಕಟ್ಟುವವನು ಸೀಮೆಗೊಬ್ಬನೇ. ಮಂಜಪ್ಪ.

ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಹೆಗಡೆಯ ಜೀಪು, ಸ್ಕೂಟರು, ಪಂಪ್‌ಸೆಟ್ಟು, ಎಲ್ಲಕ್ಕೂ ಇಪ್ಪತ್ತು ವರ್ಷ ಮಂಜಪ್ಪನ ಗ್ಯಾರೇಜೇ ಗತಿಯಾಗಿತ್ತು. ಈ ಕಾರು ಬಂದ ದಿನ ಅವನು ಕೈ ಒರೆಸಿಕೊಂಡು ಬಾನೆಟ್ ಎತ್ತಲು ಬಂದಿದ್ದ. "ಮುಟ್ಟಡ ಮಾರಾಯಾ, ವಾರಂಟಿ ಹೋಗ್ತು" ಅಂದಿದ್ದ ಹೆಗಡೆ. ಮಂಜಪ್ಪ ನಕ್ಕು ಕೈ ಹಿಂದಕ್ಕೆಳೆದುಕೊಂಡಿದ್ದ. ಊರಿನ ಉಳಿದ ಕಾರುಗಳೂ ಹಾಗೇ ಹುಬ್ಬಳ್ಳಿ ದಾರಿ ಹಿಡಿದವು. ತಿಂಗಳೊಳಗೆ ಗ್ಯಾರೇಜಿನ ಬಾಗಿಲು ಹಾಕಿತು. ಮಂಜಪ್ಪ ಯಲ್ಲಾಪುರದ ಕಡೆ ಲಾರಿ ಕೆಲಸಕ್ಕೆ ಹೋಗುತ್ತಾನಂತೆ, ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೋಗುತ್ತಾನಂತೆ ಎಂದು ಊರಲ್ಲಿ ಸುದ್ದಿ.

ಹೊಟ್ಟೆಕಿಚ್ಚು! ಅಷ್ಟೇ! ಭಾನುವಾರ ಬಂದಾಗ ಯಾರಿಲ್ಲದ ಹೊತ್ತು ನೋಡಿ ಬಾನೆಟ್ ಎತ್ತಿದ್ದಾನೆ. ಮನೆಬಾಗಿಲಿಗೇ ಬೀಗ ಹಾಕದ ಊರಲ್ಲಿ ಕಾರಿಗೆ ಯಾರು ಹಾಕುತ್ತಾರೆ?

"ಸುಮ್ಮಂಗಿರಿ, ಅಂವ ಅಂಥವ ಅಲ್ಲ" ಎಂದಳು ಹೆಂಡತಿ ಪರಿಮಳಾ. ಹೆಗಡೆ ಕೇಳಲಿಲ್ಲ. ಮರುದಿನ ಭಾನುವಾರ ನೆಟ್ಟಗೆ ಮಂಜಪ್ಪನ ಅಂಗಳಕ್ಕೆ ನಡೆದ. ಮಂಜಪ್ಪನ ಹೆಂಡತಿ ನೀಲಾ ಗ್ರೀಸು ಹತ್ತಿದ ನೀಲಿ ಅಂಗಿಯೊಂದನ್ನು ಕಲ್ಲಿಗೆ ಬಡಿಯುತ್ತಿದ್ದಳು. ಇವನನ್ನು ಕಂಡದ್ದೇ ಅಂಗಿಯನ್ನು ಬಕೆಟ್ಟಿಗೆ ತುರುಕಿ ಒಳಗೆ ಹೋದಳು.

"ನನ್ನ ಕಾರು ಮುಟ್ಟಿದ್ಯೇನೋ?"

ಮಂಜಪ್ಪ ತಲೆ ತಗ್ಗಿಸಿದ. "ಮುಟ್ಟದೆ ಹೆಂಗೆ ಹೆಗಡೇರೇ? ನಿಮ್ಮ ಕಾರಲ್ವಾ ಅದು."

"ಹೊಗೆಸೊಪ್ಪು ಕಟ್ಟಿದವ ನೀನೇ?"

"ನಾನೇ. ನಿಮ್ಮ ಕೊಟ್ಟಿಗೆ ಇಲಿಗಳ ಕಾಟ ನನಗೆ ಗೊತ್ತಿಲ್ವಾ? ಅಷ್ಟು ದೂರ ಓಡಾಡ್ತೀರಿ, ಘಟ್ಟದಲ್ಲಿ ಕಾರು ನಿಂತ್ರೆ ಏನು ಮಾಡ್ತೀರಿ ಅಂತ ಕಟ್ಟಿದೆ. ಬೇರೆ ಯಾರ ಕಾರಿಗೂ ಕಟ್ಟಿಲ್ಲ."

"ಉಪಕಾರ ಬೇರೆ ಹೇಳ್ತಾ ಇದ್ದಾನೆ ನೋಡು! ನನ್ನ ಮನೆ ಹಾಳು ಮಾಡಿದೆಯಲ್ಲೋ. ವಾರಂಟಿ ಹೋಯ್ತು, ಗೊತ್ತುಂಟಾ? ಇಪ್ಪತ್ತು ವರ್ಷ ಉಂಡ ಮನೆಗೆ ಕನ್ನ ಹಾಕಿದೆ."

ಮಂಜಪ್ಪನ ಮುಖ ಬಿಳಿಚಿಕೊಂಡಿತು. "ಸ್ವಲ್ಪ ಕೇಳಿ ಹೆಗಡೇರೇ. ನಾಳೆ ನಾನೇ ಹೋಗಿ ಹೇಳ್ತೇನೆ. ನಿಮ್ಮ ವಾರಂಟಿ ಹೋಗಲಿಕ್ಕೆ ಬಿಡೂದಿಲ್ಲ."

"ನೀನು ಹೇಳಿದರೆ ಅಲ್ಲಿ ಯಾರು ಕೇಳ್ತಾರೋ?"

"ಅದು ಹಾಗಲ್ಲ, ನಾನೀಗ..."

"ನಿನ್ನ ಮಾತು ಬೇಡ, ನಿನ್ನ ಮುಖವೂ ಬೇಡ. ಇನ್ನು ನಮ್ಮ ಮೆಟ್ಟಿಲು ಹತ್ತಬೇಡ."

ಮನೆಗೆ ಬಂದವನೇ ಕಾಗದ ಹಿಡಿದು ಕೂತ. ಹೊರಗಿನವರು ತನಗೆ ಗೊತ್ತಿಲ್ಲದೆ ಕೈ ಹಾಕಿದ್ದಾರೆ ಎಂದು ಹೆಸರು ಸಮೇತ ಬರೆದುಕೊಟ್ಟರೆ ಏನಾದರೂ ನೋಡಬಹುದು ಎಂದು ಇನ್ಸ್‌ಪೆಕ್ಟರ್ ಹೊರಡುವಾಗ ಹೇಳಿದ್ದ. ಹೆಗಡೆ ಒಂದನ್ನೂ ಬಿಡದೆ ಬರೆದ. ಹೆಸರು, ಊರು. ನನ್ನ ಒಪ್ಪಿಗೆಯಿಲ್ಲದೆ, ದ್ವೇಷದಿಂದ. ತಕ್ಕ ಕ್ರಮ ಜರುಗಿಸಬೇಕಾಗಿ ವಿನಂತಿ. ಬರೆಯುತ್ತ ಬರೆಯುತ್ತ ಕಣ್ಣು ಹನಿಗೂಡಿತು. ಇಂಥವನನ್ನು ನಂಬಿದೆನಲ್ಲ ಅಂತ ತನ್ನ ಮೇಲೇ ಹೇಸಿಗೆಯಾಯಿತು. ಕೆಳಗೆ ಸಹಿ ಹಾಕಿದ.

ಸೋಮವಾರ ಬಸ್ಸು ಹತ್ತಿ ಷೋರೂಮಿಗೆ ಹೋದಾಗ ಹನ್ನೊಂದು ಗಂಟೆ. ಮ್ಯಾನೇಜರ್ ಮೀಟಿಂಗಿನಲ್ಲಿದ್ದ. ಕೌಂಟರಿನ ಹುಡುಗಿ ಕಾಗದ ಇಸಿದುಕೊಂಡು ಸೀಲು ಹೊಡೆದಳು. ದೂರು ಬಂದರೆ ಪ್ರತಿಯೊಂದು ಬೆಂಗಳೂರಿಗೆ ಹೋಗಲೇಬೇಕು ಎನ್ನುತ್ತ ಅವನ ಎದುರೇ ಫ್ಯಾಕ್ಸ್ ಮಾಡಿದಳು. ಹೆಗಡೆಗೆ ಎರಡು ದಿನದಲ್ಲಿ ಮೊದಲ ಸಲ ಉಸಿರು ಹಗುರಾಯಿತು. ಆರನೆಯ ಕಾಫಿ ಬಂತು. ಕುಡಿದ.

ಮ್ಯಾನೇಜರ್ ಹೊರಗೆ ಬಂದವನೇ ನಗುತ್ತ ಕೈ ಕುಲುಕಿದ.

"ನೀವ್ಯಾಕ ಬರಾಕ ಹೋದ್ರಿ ಸರ? ನಾನ ಫೋನ್ ಮಾಡಾಂವಿದ್ದೆ. ಬೆಳಿಗ್ಗೇನ ನಿಮ್ಮ ಕ್ಲೇಮ್ ಪಾಸಾಗೇತಿ. ಹೊಸಾ ಎಂಜಿನ್ ಪುಕ್ಕಟೆ."

ಕಾಗದ ಇನ್ನೂ ಕೌಂಟರಿನ ಮೇಲೇ ಇತ್ತು. ಮ್ಯಾನೇಜರ್ ಅದನ್ನೆತ್ತಿಕೊಂಡು ಓದಿದ. ಸೀಲು ನೋಡಿದ. ಫ್ಯಾಕ್ಸ್ ಹೋಯಿತೇನು ಎಂದು ಹುಡುಗಿಯನ್ನು ಕೇಳಿದ. ಅವಳು ಹೋಯಿತೆಂದಳು. ಅವನ ನಗು ಇಂಗಿತು.

"ಹೊರಗಿನ ಕೈ ಅಲ್ರೀ ಸರ, ಮಂಜಪ್ಪ ನಮ್ಮ ಮೆಕ್ಯಾನಿಕ್ಕ ಅದಾನ, ನಿಮ್ಮ ಐದೂ ಸರ್ವಿಸ್ ಕೇಳಿ ಇಸ್ಕೊಂಡು ಮಾಡಿದಾಂವ ಅವನ, ಇವತ್ತು ಬಾಗಿಲಾ ತಗಿಯೂಕಿಂತ ಮೊದ್ಲ ಬಂದು ತಪ್ಪು ನಂದು ಅಂತ ಒಪ್ಕೊಂಡಾ, ನಾನೂ ಬೈದು ಬಿಟ್ಟಿದ್ದೆ, ಆದ್ರ ನೀವು ಹಿಂಗ ಬರದು ಕೊಟ್ಟಮ್ಯಾಲೆ ಅವನ್ನ ಇನ್ನ ಇಟ್ಕೊಳ್ಳಾಕ ಬರೂದಿಲ್ರೀ."