ಮಿಕ್ಕಿದ ಟೈಲ್ಸು

ಇಂದ್ರಾಣಿ ಸೋಡಾಪುಡಿ ಉದುರಿಸಿಕೊಂಡು ಒಲೆಯ ಹಿಂದಿನ ಟೈಲ್ಸಿನ ಜಿಡ್ಡು ತಿಕ್ಕುತ್ತಲೇ ಇದ್ದಳು. ಗಾರೆ ಕೆಂಪಯ್ಯ ಸುತ್ತಿಗೆ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದ.

ಆ ಗೋಡೆಯಲ್ಲಿ ಒಂದರಂತೆ ಇನ್ನೊಂದು ಟೈಲ್ಸಿರಲಿಲ್ಲ. ಅವಳ ಗಂಡ ಟೈಲ್ಸ್ ಹಾಕಲು ಹೋದ ಮನೆಗಳಲ್ಲೆಲ್ಲ ಮಿಕ್ಕಿದ್ದನ್ನು ಕೇಳಿ ತಂದು, ಒಂದೊಂದಾಗಿ ಕೂರಿಸಿದ್ದ. ಅವನು ತೀರಿಕೊಂಡು ಆರು ವರ್ಷ. ಈಗ ಅರ್ಧಕ್ಕರ್ಧ ಬಿರುಕು ಬಿಟ್ಟಿದ್ದವು. ಅಂಥವೇ ಬೇಕೆಂದರೆ ಎಲ್ಲಿ ಸಿಗಬೇಕು? ಒಂದೋ ಮೇಲೆ ಬಣ್ಣ ಬಳಿಯಬೇಕು, ಇಲ್ಲಾ ಎಲ್ಲ ಕೀಳಬೇಕು.

"ಬಣ್ಣ ಹೊಡೆಸೋಣ ಅತ್ತೆ. ಒಳಗೆ ಅವರ ಕೈಕೆಲಸ ಹಾಗೇ ಇರುತ್ತೆ," ಎಂದಳು ಇಂದ್ರಾಣಿ.

"ಬೇಡ. ಎಲ್ಲ ಕಿತ್ತು ಹೊಸದು ಹಾಕು ಕೆಂಪಯ್ಯ," ಎಂದಳು ಅತ್ತೆ ನಿಂಗಾಜಮ್ಮ.

"ದೊಡ್ಡಮ್ಮ, ಇನ್ನೊಂದ್ಸಲ ಯೋಚನೆ ಮಾಡಿ..." ಎಂದ ಕೆಂಪಯ್ಯ.

"ಮೂವತ್ತು ವರ್ಷದವಳು ದಿನಾ ಗೋಡೆ ಸವರ್ಕೊಂಡು ನಿಂತಿರ್ತಾಳೆ. ಗೋಡೆ ಏನು ಮಾತಾಡುತ್ತಾ?"

"ಮಾತಾಡುತ್ತೆ. ನಿಮಗೆ ಕೇಳಿಸಲ್ಲ," ಎಂದಳು ಸೊಸೆ. "ಹೆತ್ತ ತಾಯಿ ನೀವು. ಕೀಳು ಅನ್ನೋಕೆ ನಾಲಿಗೆ ಹೇಗಾದ್ರೂ ಬಂತು?"

ನಿಂಗಾಜಮ್ಮನಿಗೆ ಎದೆಗೆ ಒದ್ದಂತಾಯಿತು. ಆದರೂ, "ಹೊಡಿ," ಎಂದಳು.

ಮೊದಲ ಏಟಿಗೇ ಇಂದ್ರಾಣಿ ಅಳುತ್ತ ಹಿತ್ತಲಿಗೆ ಓಡಿದಳು. ಮುದುಕಿ ಮಾತ್ರ ಮಗ ಕೂರಿಸಿದ ಕೊನೆಯ ಟೈಲ್ಸು ಉದುರುವ ತನಕ ಅಲ್ಲಾಡದೆ ನಿಂತು ನೋಡಿದಳು. ಆಮೇಲೆ ಸೆರಗಿನ ಧೂಳು ಕೊಡವಿಕೊಂಡು ಬೀದಿಕೊನೆಯ ಅಂಚೆಪೆಟ್ಟಿಗೆಗೆ ನಡೆದಳು. ಇಂದ್ರಾಣಿಯನ್ನು ಮದುವೆಯಾಗಲು ಒಪ್ಪಿಗೆ ಕೇಳಿದ್ದ ಮೇಷ್ಟ್ರಿಗೆ ಬರೆದು, ವರ್ಷದಿಂದ ಸೀರೆಯ ಮಡಿಕೆಯಲ್ಲೇ ಬಚ್ಚಿಟ್ಟಿದ್ದ ಕಾಗದವನ್ನು ಒಳಗೆ ಹಾಕಿದಳು: "ನನ್ನ ಅಡ್ಡಿಯಿಲ್ಲ. ಬಂದು ಅವಳನ್ನೇ ಕೇಳಿ."