ಅಮ್ಮನಿಗೆ ಇಷ್ಟು ಸಾಕು

“ಅಮ್ಮನಿಗೆ ಈ ತೆಳ್ಳಗಿರೋದೇ ಸಾಕು ಸಾರ್,” ಎಂದು ಲ್ಯಾಪ್‌ಟಾಪ್ ಅಂಗಡಿಯವನು ಮಗನಿಗೆ ಹೇಳಿದ. “ಈ ವಯಸ್ಸಲ್ಲಿ ಅವರೇನು ಟೈಪ್ ಮಾಡ್ತಾರೆ? ಮೊಮ್ಮಕ್ಕಳ ಮುಖ ಕಂಡ್ರೆ ಆಯ್ತಲ್ಲ.” ಮಗ ಹೂಂಗುಟ್ಟಿದ.

ಅಮ್ಮ ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವಳು. ತೆಳ್ಳನೆಯದರ ಮೇಲೆ ಹತ್ತೂ ಬೆರಳು ಓಡಿಸಿದಳು. ಅದು ಅರ್ಧಕ್ಕರ್ಧ ಅಕ್ಷರ ನುಂಗಿತು. ಅದೇ ಬೆಲೆಯ ದಪ್ಪನೆಯದನ್ನು ಎಳೆದುಕೊಂಡು, ಅಂಗಡಿಯವನ ಮುಖದಿಂದ ಕಣ್ಣು ಕೀಳದೆ ಪಟಪಟ ಕುಟ್ಟಿದಳು. ಆಮೇಲೆ ಪರದೆಯನ್ನು ಅವರತ್ತ ತಿರುಗಿಸಿದಳು. ಅಂಗಡಿಯವನ ಮಾತು, ‘ಈ ವಯಸ್ಸಲ್ಲಿ’ ಸಮೇತ, ಒಂದಕ್ಷರ ತಪ್ಪಿಲ್ಲದೆ ಅಲ್ಲಿತ್ತು. ಅದರ ಕೆಳಗೆ ಮಗನ ‘ಹೂಂ’ ಕೂಡ.

“ಇದನ್ನೇ ಪ್ಯಾಕ್ ಮಾಡಿ,” ಎಂದಳು. “ಅದಕ್ಕೆ ಮೊದಲು ಹೇಳಿಕೆ ಕೊಟ್ಟವರು ಇಬ್ಬರೂ ಓದಿ ನೋಡಿ, ಸರಿಯಿದ್ರೆ ಸಹಿ ಹಾಕಿ.”